ಕಲ್ಚರ್ ರಿಪೋರ್ಟಲ್ಲಿ ಸಿಪ್ರೋ ಮುಂದೆ ‘ಆರ್’ ಬಂದಿದೆ, ಈಗ ಯಾವ ಆಂಟಿಬಯೋಟಿಕ್ ಆರಿಸೋದು?

ಬೆಳಿಗ್ಗೆ ಬಂದ ತಕ್ಷಣ ಇನ್ಕ್ಯುಬೇಟರ್ ಬಾಗಿಲು ತೆಗೆದು, ಹಿಂದಿನ ದಿನ ಹಾಕಿಟ್ಟ ಪ್ಲೇಟ್‌ಗಳನ್ನ ಒಂದೊಂದಾಗಿ ಬೆಳಕಿಗೆ ಹಿಡಿದು ನೋಡೋದು ನನ್ನ ಕೆಲ್ಸ, ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬ್. ಪ್ಲೇಟ್ ಮೇಲೆ ರೋಗಿಯಿಂದ ಬಂದ ಬ್ಯಾಕ್ಟೀರಿಯಾ ಹರಡಿ ಅದರ ಮೇಲೆ ಅಂಗಿ ಗುಂಡಿಗಿಂತ ಚಿಕ್ಕ ಡಿಸ್ಕ್‌ಗಳನ್ನ ಇಟ್ಟಿರ್ತೀವಿ, ಒಂದೊಂದರಲ್ಲೂ ಒಂದೊಂದು ಔಷಧಿ. ಔಷಧಿ ನಾಟಿದ್ರೆ ಡಿಸ್ಕ್ ಸುತ್ತ ದುಂಡಗೆ ಖಾಲಿ ಜಾಗ ಬಿದ್ದಿರುತ್ತೆ. ಮೂತ್ರದ ಸ್ಯಾಂಪಲ್‌ಗಳಲ್ಲಿ ಸಿಪ್ರೋಫ್ಲಾಕ್ಸಾಸಿನ್ ಡಿಸ್ಕ್ ಇರೋ ಕಡೆ ನೋಡಿದ್ರೆ ಹೆಚ್ಚಿನ ದಿನ ಬ್ಯಾಕ್ಟೀರಿಯಾ ಡಿಸ್ಕಿನ ಅಂಚಿನ ತನಕ ಗರಿಕೆ ಹಬ್ಬಿದಂಗೆ ಹಬ್ಬಿರುತ್ತೆ. ರಿಪೋರ್ಟಲ್ಲಿ ‘ಆರ್’ ಅಂತ ಬರೀತೀವಿ, ಅಂದ್ರೆ ರೆಸಿಸ್ಟೆಂಟ್, ಔಷಧಿ ನಾಟಲ್ಲ. ನಾಟಿದ್ರೆ ‘ಎಸ್’, ಅಂದ್ರೆ ಸೆನ್ಸಿಟಿವ್.

ರಿಪೋರ್ಟ್ ಹೋದ ಅರ್ಧ ಗಂಟೆಗೆ ವಾರ್ಡಿಂದ ಫೋನು. “ಮೇಡಂ, ಸಿಪ್ರೋ ಆರ್ ಅಂತ ಇದ್ಯಲ್ಲ, ಲೀವೋ ಹಾಕ್ಲಾ?” ಅಂತ ಹೌಸ್ ಸರ್ಜನ್ ಕೇಳ್ತಾರೆ, ಲೀವೋ ಅಂದ್ರೆ ಲೆವೊಫ್ಲಾಕ್ಸಾಸಿನ್. ಆ ಕಡೆ ರೋಗಿ ಮನೆಯವರು ರಿಪೋರ್ಟ್ ಫೋಟೋ ಹೊಡ್ಕೊಂಡು ಬಂದು “ಇದರಲ್ಲಿ ಎಲ್ಲಕ್ಕಿಂತ ಪವರ್ ಇರೋದು ಯಾವ್ದು ಅದನ್ನೇ ಕೊಡಿ” ಅಂತಾರೆ. ಎರಡೂ ಪ್ರಶ್ನೆ ತಪ್ಪು ದಾರಿಗೆ ಹೋಗುತ್ತೆ. ಕೇಳ್ಬೇಕಾಗಿರೋದು ಸೋಂಕು ದೇಹದಲ್ಲಿ ಎಲ್ಲಿದೆ ಅನ್ನೋದು, ಅದಾದ್ಮೇಲೇ ಔಷಧಿ ಹೆಸ್ರು. ಇದನ್ನ ಬರೀತಿರೋದು ಹೊಸದಾಗಿ ಡ್ಯೂಟಿ ಮಾಡ್ತಿರೋ ಡಾಕ್ಟರ್‌ಗಳಿಗೆ, ಮತ್ತೆ ಆಸ್ಪತ್ರೆ ಕಾರಿಡಾರಲ್ಲಿ ರಿಪೋರ್ಟ್ ಹಿಡ್ಕೊಂಡು ಕೂತಿರೋ ಮಕ್ಕಳು ಸೊಸೆಯಂದ್ರಿಗೆ, ಡಾಕ್ಟರ್ ಹತ್ರ ಸರಿಯಾದ ಪ್ರಶ್ನೆ ಕೇಳೋಕೆ ಆಗ್ಲಿ ಅಂತ. ಇದನ್ನ ಓದಿ ಮೆಡಿಕಲ್ ಶಾಪಿಗೆ ಹೋಗಿ ಮಾತ್ರೆ ತಗೋಬೇಡಿ, ದಯವಿಟ್ಟು.

ಸಿಪ್ರೋ ಹೋದ್ರೆ ಲೀವೋ ಯಾಕೆ ಬೇಡ

ನಾರ್‌ಫ್ಲಾಕ್ಸಾಸಿನ್, ಸಿಪ್ರೋಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್, ಇವೆಲ್ಲ ಫ್ಲೋರೋಕ್ವಿನೋಲೋನ್ ಅನ್ನೋ ಒಂದೇ ಮನೆತನ. 1962ರಲ್ಲಿ ಕ್ಲೋರೋಕ್ವಿನ್ ತಯಾರಿಕೆಯಲ್ಲಿ ಸಿಕ್ಕಿದ ಒಂದು ಉಪವಸ್ತುವಿನಿಂದ ಹುಟ್ಟಿದ ನಾಲಿಡಿಕ್ಸಿಕ್ ಆಸಿಡ್ ಇವರ ಮೂಲಪುರುಷ, ಸಿಪ್ರೋ ಅಮೆರಿಕದಲ್ಲಿ ಅನುಮತಿ ಪಡೆದಿದ್ದು 1987ರಲ್ಲಿ. ಬ್ಯಾಕ್ಟೀರಿಯಾದ ಡಿಎನ್ಎ ಹೊಸೆದ ಹಗ್ಗದ ಥರ, ಅದು ಎರಡಾಗ್ಬೇಕಾದ್ರೆ ಸಿಕ್ಕು ಬಿಡಿಸೋ ಎರಡು ಎಂಜೈಮ್ ಬೇಕು, ಗೈರೇಸ್ ಮತ್ತೆ ಟೋಪೋಐಸೋಮರೇಸ್ ನಾಲ್ಕು. ಈ ಮನೆತನದ ಎಲ್ಲ ಔಷಧಿಗಳೂ ಹೋಗಿ ಅಂಟ್ಕೊಳ್ಳೋದು ಆ ಎಂಜೈಮ್‌ಗಳಿಗೇ. ಬ್ಯಾಕ್ಟೀರಿಯಾ ಆ ಅಂಟೋ ಜಾಗವನ್ನೇ ಒಂದೆರಡು ಕಡೆ ಬದಲಾಯಿಸ್ಕೊಂಡ್ರೆ ಮುಗೀತು, ಎಲ್ಲವೂ ಜಾರುತ್ತೆ. ಇದರ ಜೊತೆ ಒಳಗೆ ಬಂದ ಔಷಧಿಯನ್ನ ಆಚೆ ಎತ್ತಿ ಹಾಕೋ ಪಂಪ್‌ಗಳು, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಿಹೋಗೋ ಪ್ಲಾಸ್ಮಿಡ್ ಜೀನ್‌ಗಳೂ ಇವೆ. ಅಂಥ ಮೊದಲ ಜೀನ್ ಬಗ್ಗೆ ವರದಿ ಬಂದಿದ್ದು 1998ರಲ್ಲಿ. ಹಾಗಾಗಿ ಸಿಪ್ರೋ ಆರ್ ಅಂದ್ಮೇಲೆ ಲೀವೋ ಕೊಡೋದು ಅಂದ್ರೆ ಅಣ್ಣನ ಕೈಲಿ ಆಗ್ದಿರೋ ಕೆಲ್ಸಕ್ಕೆ ತಮ್ಮನ್ನ ಕಳಿಸಿದಂಗೆ.

ನಮ್ಮ ಸೋದರತ್ತೆಗೆ ಹೀಗೇ ಆಯ್ತು. ಶುಗರ್ ಇದೆ, ಅರವತ್ತೇಳು ವಯಸ್ಸು, ಉರಿಮೂತ್ರ ಶುರುವಾಯ್ತು. ಒಂದು ನರ್ಸಿಂಗ್ ಹೋಮಲ್ಲಿ ನಾರ್‌ಫ್ಲಾಕ್ಸಾಸಿನ್ ಕೊಟ್ರು, ಕಮ್ಮಿ ಆಗ್ಲಿಲ್ಲ. ಮೆಡಿಕಲ್ ಶಾಪಿನವರು ಆಫ್ಲಾಕ್ಸಾಸಿನ್ ಕೊಟ್ರು. ಇನ್ನೊಂದು ಕ್ಲಿನಿಕ್ಕಲ್ಲಿ ಲೆವೊಫ್ಲಾಕ್ಸಾಸಿನ್. ಮೂರು ಕಡೆಯೂ ಒಬ್ರೂ ಯೂರಿನ್ ಕಲ್ಚರ್ ಅಂದಿಲ್ಲ, ನನಗೂ ಯಾರೂ ಫೋನ್ ಮಾಡಿಲ್ಲ, ಎರಡೂವರೆ ವಾರ ಆದ್ಮೇಲೆ ನಡುಗೋ ಚಳಿ, ವಾಂತಿ, ಬಲಪಕ್ಕೆ ನೋವು ಅಂತ ಅಡ್ಮಿಟ್ ಆದಾಗಲೇ ಗೊತ್ತಾಗಿದ್ದು. ಬ್ಯಾಕ್ಟೀರಿಯಾ ಮೂತ್ರಕೋಶದಿಂದ ಕಿಡ್ನಿಗೆ ಏರಿತ್ತು. ಮೂರು ಕೋರ್ಸ್ ಮಾತ್ರೆ ನುಂಗಿದ್ರೂ ಅವರಿಗೆ ಸಿಕ್ಕಿದ್ದು ಒಂದೇ ಔಷಧಿ ಅಂತ ನನಗೆ ಇವತ್ತಿಗೂ ಸಂಕಟ ಆಗುತ್ತೆ.

ಇದು ಅವರೊಬ್ಬರ ಕತೆ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2013ರಲ್ಲಿ ಶುರು ಮಾಡಿದ, ರೆಸಿಸ್ಟೆನ್ಸ್ ಮೇಲೆ ಕಣ್ಣಿಡೋ ಲ್ಯಾಬ್‌ಗಳ ಜಾಲದ ವರದಿಗಳನ್ನ ನೋಡಿದ್ರೆ, ನಮ್ಮ ದೇಶದ ಆಸ್ಪತ್ರೆಗಳಲ್ಲಿ ಸಿಗೋ ಇ. ಕೋಲಿಯಲ್ಲಿ (ಉರಿಮೂತ್ರಕ್ಕೆ ಹೆಚ್ಚಾಗಿ ಕಾರಣ ಆಗೋ ಬ್ಯಾಕ್ಟೀರಿಯಾ ಇದೇ) ಅರ್ಧಕ್ಕಿಂತ ಎಷ್ಟೋ ಹೆಚ್ಚು ಪಾಲು ಸಿಪ್ರೋಗೆ ಜಗ್ಗಲ್ಲ. ಲೂಸ್ ಮೋಷನ್ ಅಂದ್ರೆ ಆಫ್ಲಾಕ್ಸಾಸಿನ್ ಆರ್ನಿಡಜೋಲ್ ಸೇರಿರೋ ಮಾತ್ರೆ, ಜ್ವರ ಅಂದ್ರೆ ಸಿಪ್ರೋ, ಕೆಮ್ಮು ಅಂದ್ರೆ ಲೀವೋ ಅಂತ ಇಷ್ಟು ವರ್ಷ ನುಂಗಿದ್ರ ಫಲ ಇದು. ಕಳೆದ ಆರು ತಿಂಗಳಲ್ಲಿ ಈ ಮನೆತನದ ಮಾತ್ರೆ ತಗೊಂಡಿದ್ರೆ, ಆಸ್ಪತ್ರೇಲಿ ಮಲಗಿದ್ರೆ, ಕ್ಯಾಥೆಟರ್ ಇದ್ರೆ, ರಿಪೋರ್ಟ್ ಬರೋಕೆ ಮುಂಚೆನೇ ಸಿಪ್ರೋ ನಾಟಲ್ಲ ಅಂದ್ಕೊಂಡೇ ಶುರು ಮಾಡೋದು ಒಳ್ಳೇದು.

ಇನ್ನೊಂದು ಗೊಂದಲ, ಹಳೇ ರಿಪೋರ್ಟಲ್ಲಿ ಎಸ್ ಇತ್ತು ಈಗ ಆರ್ ಹೆಂಗಾಯ್ತು ಅಂತ ಜಗಳಕ್ಕೆ ಬರ್ತಾರೆ. ಲ್ಯಾಬ್ ಪರೀಕ್ಷೆಗಳಿಗೆ ಮಾನದಂಡ ಹಾಕೋ ಅಮೆರಿಕದ ಸಿಎಲ್ಎಸ್ಐ ಸಂಸ್ಥೆ 2019ರಲ್ಲಿ ಅಳತೆಯ ಗೆರೆಯನ್ನೇ ಬದಲಾಯಿಸ್ತು. ಅಲ್ಲಿ ತನಕ ಇ. ಕೋಲಿ ಥರದವಕ್ಕೆ ಸಿಪ್ರೋ ಎಂಐಸಿ (ಬ್ಯಾಕ್ಟೀರಿಯಾ ಬೆಳೆಯೋದನ್ನ ತಡೆಯೋಕೆ ಬೇಕಾದ ಅತಿ ಕಮ್ಮಿ ಔಷಧಿ ಪ್ರಮಾಣ) 1 ಇದ್ರೂ ಎಸ್ ಅಂತಿದ್ವಿ, ಈಗ 0.25 ಅಥವಾ ಅದಕ್ಕಿಂತ ಕಮ್ಮಿ ಇದ್ರೆ ಮಾತ್ರ ಎಸ್, 1 ಬಂದ್ರೆ ಆರ್. ಹಾಗಾಗಿ 2019ಕ್ಕಿಂತ ಹಿಂದಿನ ಎಸ್ ನಂಬ್ಕೊಂಡು ಈಗ ಔಷಧಿ ಆರಿಸ್ಬೇಡಿ.

ಬರೀ ಮೂತ್ರಕೋಶದ ಸೋಂಕು ಇದ್ರೆ

ಉರಿ, ಪದೇಪದೇ ಹೋಗ್ಬೇಕು ಅನ್ಸೋದು, ಕಿಬ್ಬೊಟ್ಟೆ ನೋವು. ಜ್ವರ ಇಲ್ಲ, ಪಕ್ಕೆ ನೋವಿಲ್ಲ, ವಾಂತಿ ಇಲ್ಲ. ಇಷ್ಟೇ ಆದ್ರೆ ಇಂಜೆಕ್ಷನ್ ಕಡೆ ನೋಡೋದೇ ಬೇಡ, ರಿಪೋರ್ಟಲ್ಲಿ ಸಿಪ್ರೋ ಆರ್, ಸೆಫಿಕ್ಸಿಮ್ ಆರ್, ಸೆಫ್ಟ್ರಿಯಾಕ್ಸೋನ್ ಆರ್ ಅಂತ ಸಾಲುಸಾಲಾಗಿ ಕೆಂಪಗೆ ಕಂಡ್ರೂ ಗಾಬರಿ ಬೀಳ್ಬೇಡಿ. ಇಲ್ಲಿ ಪೈಪೋಟಿ ಇರೋದು ಮೂರರ ಮಧ್ಯೆ, ನೈಟ್ರೋಫ್ಯುರಾಂಟೋಯಿನ್, ಫಾಸ್ಫೋಮೈಸಿನ್, ಕೋಟ್ರೈಮೋಕ್ಸಜೋಲ್.

ನನ್ನ ಮೊದಲ ಆಯ್ಕೆ ನೈಟ್ರೋಫ್ಯುರಾಂಟೋಯಿನ್. ಹಳೇದು, ಅಗ್ಗ, ಬ್ಯಾಕ್ಟೀರಿಯಾದ ಒಳಗೆ ಒಂದೇ ಸಲ ಹತ್ತಾರು ಕಡೆ ಹಾನಿ ಮಾಡೋದ್ರಿಂದ ಇಷ್ಟು ವರ್ಷ ಆದ್ರೂ ಇ. ಕೋಲಿ ಅದಕ್ಕೆ ಅಷ್ಟಾಗಿ ಒಗ್ಗಿಲ್ಲ. 100 ಮಿಲಿಗ್ರಾಂ ನಿಧಾನವಾಗಿ ಬಿಡೋ ಮಾತ್ರೆ, ದಿನಕ್ಕೆ ಎರಡು, 5 ದಿನ, ಊಟದ ಜೊತೆ. ಮೂತ್ರ ಕಂದು ಬಣ್ಣಕ್ಕೆ ತಿರುಗಬಹುದು, ಹೆದರ್ಬೇಡಿ. ಆದ್ರೆ ಇದು ಮೂತ್ರದಲ್ಲಿ ಮಾತ್ರ ಕೆಲ್ಸ ಮಾಡುತ್ತೆ, ರಕ್ತದಲ್ಲಿ, ಕಿಡ್ನಿಯಲ್ಲಿ, ಪ್ರಾಸ್ಟೇಟಲ್ಲಿ ಸಾಕಾಗುವಷ್ಟು ಇರಲ್ಲ. ಕಿಡ್ನಿ ಎಷ್ಟು ಸೋಸುತ್ತೆ ಅಂತ ಹೇಳೋ ಇಜಿಎಫ್ಆರ್ 30ಕ್ಕಿಂತ ಕೆಳಗಿದ್ರೆ ಬೇಡ, ಹೆರಿಗೆ ಹತ್ರ ಇರೋ ಗರ್ಭಿಣಿಯರಿಗೆ ಬೇಡ, ಕೆಂಪು ರಕ್ತಕಣ ಕಾಪಾಡೋ ಜಿ6ಪಿಡಿ ಅನ್ನೋ ಎಂಜೈಮ್ ಕೊರತೆ ಇರೋರಿಗೆ ಬೇಡ. ಬೆಳೆದಿರೋದು ಪ್ರೋಟಿಯಸ್, ಸೆರೇಶಿಯಾ ಅಥವಾ ಸ್ಯೂಡೋಮೋನಾಸ್ ಆಗಿದ್ರೆ ಹುಟ್ಟಿನಿಂದಲೇ ಅವಕ್ಕೆ ಇದು ನಾಟಲ್ಲ.

ಫಾಸ್ಫೋಮೈಸಿನ್‌ದು ದೊಡ್ಡ ಅನುಕೂಲ ಅಂದ್ರೆ 3 ಗ್ರಾಂ ಪುಡಿ ಒಂದು ಸ್ಯಾಚೆಟ್, ನೀರಲ್ಲಿ ಕಲಸಿ ರಾತ್ರಿ ಮಲಗೋ ಮುಂಚೆ ಮೂತ್ರ ಮಾಡಿ ಬಂದು ಖಾಲಿ ಹೊಟ್ಟೇಲಿ ಕುಡಿದ್ರೆ ಆಯ್ತು, ಒಂದೇ ಡೋಸ್. ಮಾತ್ರೆ ಮರೆಯೋ ವಯಸ್ಸಾದವರಿಗೆ, ಆಗಲೇ ಹತ್ತು ಥರ ಮಾತ್ರೆ ನುಂಗ್ತಿರೋರಿಗೆ ಇದು ಸುಲಭ. ಹಾಗಂತ ಎರಡೂ ಸಮ ಅಂತ ಅಲ್ಲ. 2018ರಲ್ಲಿ ಸ್ವಿಟ್ಜರ್‌ಲೆಂಡ್, ಪೋಲೆಂಡ್, ಇಸ್ರೇಲ್ ಮೂರು ಕಡೆಯ 513 ಹೆಂಗಸರಲ್ಲಿ ಎರಡನ್ನೂ ನೇರ ಹೋಲಿಸಿ ನೋಡಿದ ಟ್ರಯಲ್ ಪ್ರಕಟ ಆಯ್ತು, 28 ದಿನ ಆದ್ಮೇಲೆ ತೊಂದರೆ ಪೂರ್ತಿ ಹೋಗಿದ್ದು 5 ದಿನದ ನೈಟ್ರೋಫ್ಯುರಾಂಟೋಯಿನ್ ತಗೊಂಡವರಲ್ಲಿ 70%, ಒಂದು ಡೋಸ್ ಫಾಸ್ಫೋಮೈಸಿನ್‌ನಲ್ಲಿ 58%. (ಅಲ್ಲಿ ನೈಟ್ರೋಫ್ಯುರಾಂಟೋಯಿನ್ ದಿನಕ್ಕೆ ಮೂರು ಸಲ ಕೊಟ್ಟಿದ್ರು.) ಹಾಗಾಗಿ ಕಿಡ್ನಿ ಚೆನ್ನಾಗಿದ್ರೆ ನನ್ನ ಓಟು ಮೊದಲನೇದಕ್ಕೇ. ಇನ್ನೊಂದು ವಿಷ್ಯ, ರಿಪೋರ್ಟಲ್ಲಿ ಕ್ಲೆಬ್ಸಿಯೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಇದ್ರೆ ಫಾಸ್ಫೋಮೈಸಿನ್ ಬಗ್ಗೆ ಹುಷಾರು, ಅದರೊಳಗೆ ಈ ಔಷಧಿಯನ್ನ ಕೆಡಿಸೋ ಎಂಜೈಮ್ ಸಾಮಾನ್ಯವಾಗಿ ಇದ್ದೇ ಇರುತ್ತೆ. ಲ್ಯಾಬಿನ ಗೆರೆ ಇರೋದು ಇ. ಕೋಲಿಗೆ, ಅದನ್ನ ಬೇರೆಯದಕ್ಕೆ ಎಳೆದು ಎಸ್ ಅಂತ ಬರೆದಿದ್ರೆ ನಂಬೋ ಮುಂಚೆ ಲ್ಯಾಬಿಗೆ ಒಂದು ಫೋನ್ ಮಾಡಿ.

ಕೋಟ್ರೈಮೋಕ್ಸಜೋಲನ್ನ ನಮ್ಮಲ್ಲಿ ರಿಪೋರ್ಟ್ ಇಲ್ದೆ ಶುರು ಮಾಡೋಕಾಗಲ್ಲ, ರೆಸಿಸ್ಟೆನ್ಸ್ ಜಾಸ್ತಿ. ಆದ್ರೆ ಎಸ್ ಬಂದಿದ್ರೆ ಬಿಡ್ಬೇಡಿ, ಉಳಿದೆರಡಕ್ಕಿಲ್ಲದ ಗುಣ ಇದಕ್ಕಿದೆ, ಕಿಡ್ನಿಗೂ ಪ್ರಾಸ್ಟೇಟಿಗೂ ಹೋಗುತ್ತೆ. ಸಲ್ಫಾ ಅಲರ್ಜಿ ಕೇಳಿ. ಬಿಪಿಗೆ ಟೆಲ್ಮಿಸಾರ್ಟಾನ್ ಥರದ ಮಾತ್ರೆ ತಗೋತಿರೋ ವಯಸ್ಸಾದವರಲ್ಲಿ ಪೊಟ್ಯಾಶಿಯಂ ಏರುತ್ತೆ, ಅದು ಹೃದಯಕ್ಕೆ ಅಪಾಯ, ಕೊಟ್ರೆ ರಕ್ತ ಪರೀಕ್ಷೆ ಮಾಡಿಸ್ಲೇಬೇಕು.

ಫಾರೋಪೆನೆಮ್ ಬಗ್ಗೆಯೂ ಕೇಳ್ತಾರೆ. ನಮ್ಮ ದೇಶದಲ್ಲಿ ಸಿಕ್ಕಾಪಟ್ಟೆ ಬರೀತಾರೆ, ಆದ್ರೆ ಇದರ ಪರವಾಗಿ ಒಳ್ಳೇ ಟ್ರಯಲ್ ಸಾಕ್ಷಿ ತೀರಾ ಕಮ್ಮಿ, ಮೇಲಾಗಿ ಇದು, ಗಟ್ಟಿ ಸೋಂಕಿಗೆ ಅಂತ ಉಳಿಸಿಡೋ ಮೆರೋಪೆನೆಮ್ ಇಂಜೆಕ್ಷನ್ನಿಗೆ ಹತ್ತಿರದ ಸಂಬಂಧಿ. ಮಾತ್ರೆ ರೂಪದಲ್ಲಿ ಸುಲಭವಾಗಿ ಸಿಗುತ್ತೆ ಅನ್ನೋದೊಂದೇ ಕಾರಣಕ್ಕೆ ಅದನ್ನ ಆರಿಸೋದು ನನಗೆ ಒಪ್ಪಿಗೆ ಇಲ್ಲ.

ಚಳಿಜ್ವರ, ಪಕ್ಕೆ ನೋವು ಬಂದಿದ್ರೆ

ಈಗ ಮೇಲಿನ ಪಟ್ಟಿ ಮರೆತುಬಿಡಿ, ಎಸ್ ಬಂದ ಕೋಟ್ರೈಮೋಕ್ಸಜೋಲ್ ಒಂದನ್ನ ಬಿಟ್ಟು. ಕಿಡ್ನಿ ಸೋಂಕಿಗೆ ನೈಟ್ರೋಫ್ಯುರಾಂಟೋಯಿನ್ ಕೊಟ್ಟು “ಎಸ್ ಇತ್ತಲ್ಲ ಮೇಡಂ” ಅನ್ನೋದು ನಾನು ಕಂಡಿರೋ ದೊಡ್ಡ ತಪ್ಪು. ಪ್ಲೇಟ್ ಮೇಲೆ ನಾಟಿದ್ದು ದೇಹದಲ್ಲಿ ಸೋಂಕಿರೋ ಜಾಗ ಮುಟ್ಟದೇ ಹೋದ್ರೆ ಆ ಎಸ್‌ಗೆ ಬೆಲೆ ಇಲ್ಲ.

ಸೆಫ್ಟ್ರಿಯಾಕ್ಸೋನ್ ಎಸ್ ಇದ್ರೆ ಅದೇ ಸಾಕು, ಸರಳ. ನಮ್ಮ ದುರದೃಷ್ಟಕ್ಕೆ ಸಿಪ್ರೋ ಆರ್ ಇರೋ ಇ. ಕೋಲಿಗಳಲ್ಲಿ ಬಹಳಷ್ಟಕ್ಕೆ ಸೆಫ್ಟ್ರಿಯಾಕ್ಸೋನ್ ಥರದವನ್ನ ಕೆಡಿಸೋ ಇಎಸ್‌ಬಿಎಲ್ ಅನ್ನೋ ಎಂಜೈಮೂ ಇರುತ್ತೆ, ಎರಡೂ ರೆಸಿಸ್ಟೆನ್ಸ್ ಒಟ್ಟಿಗೇ ಹೊತ್ಕೊಂಡು ಪ್ರಪಂಚ ಪೂರ್ತಿ ಹರಡಿರೋ ಎಸ್‌ಟಿ131 ಅನ್ನೋ ತಳಿಯೇ ಇದೆ. ಆಗ ಉಳಿಯೋದು ಅಮಿಕಾಸಿನ್ ಮತ್ತೆ ಎರ್ಟಾಪೆನೆಮ್.

ಅಮಿಕಾಸಿನ್ ದಿನಕ್ಕೆ ಒಂದೇ ಸಲ, ಕೆಜಿಗೆ 15 ಮಿಲಿಗ್ರಾಂ ಲೆಕ್ಕದಲ್ಲಿ, ಕಿಡ್ನಿಯಲ್ಲೂ ಮೂತ್ರದಲ್ಲೂ ಚೆನ್ನಾಗಿ ಸೇರ್ಕೊಳ್ಳುತ್ತೆ, ಬೆಲೆಯೂ ಕಮ್ಮಿ. ವಯಸ್ಸು ಚಿಕ್ಕದು, ಕ್ರಿಯಾಟಿನಿನ್ (ಕಿಡ್ನಿ ಹೆಂಗಿದೆ ಅಂತ ಹೇಳೋ ರಕ್ತ ಪರೀಕ್ಷೆ) ನಾರ್ಮಲ್, ನೀರು ಚೆನ್ನಾಗಿ ಕುಡೀತಿದಾರೆ ಅಂದ್ರೆ ನಾನು ಇದನ್ನೇ ಹೇಳ್ತೀನಿ, ಮೆರೋಪೆನೆಮ್ ಉಳಿಯುತ್ತೆ. ಕಿಡ್ನಿಗೂ ಕಿವಿಗೂ ಪೆಟ್ಟು ಕೊಡಬಹುದು ಅನ್ನೋದೇ ಇದರ ಕಷ್ಟ, ಅದಕ್ಕೇ ಕ್ರಿಯಾಟಿನಿನ್ ನೋಡ್ತಾ ಇರ್ಬೇಕು. ನಮ್ಮತ್ತೆಗೆ ಕ್ರಿಯಾಟಿನಿನ್ ಆಗಲೇ ಏರಿದ್ರಿಂದ ಇದು ಆಗ್ಲಿಲ್ಲ.

ಅವರಿಗೆ ಕೊಟ್ಟಿದ್ದು ಎರ್ಟಾಪೆನೆಮ್. ದಿನಕ್ಕೊಂದು ಇಂಜೆಕ್ಷನ್, 1 ಗ್ರಾಂ, ಕಿಡ್ನಿ ತೀರಾ ಕೆಟ್ಟಿದ್ರೆ ಅರ್ಧ. ಮೆರೋಪೆನೆಮ್ ಆದ್ರೆ ಎಂಟು ಗಂಟೆಗೊಂದು, ಆಸ್ಪತ್ರೇಲೇ ಇರ್ಬೇಕು, ಇದಾದ್ರೆ ಜ್ವರ ಇಳಿದ್ಮೇಲೆ ಮನೆಗೆ ಹೋಗಿ ದಿನಾ ಡೇಕೇರಿಗೆ ಬಂದು ಹಾಕಿಸ್ಕೊಂಡು ಹೋಗಬಹುದು. ಎರಡು ಎಚ್ಚರ. ಇದು ಸ್ಯೂಡೋಮೋನಾಸ್, ಅಸಿನೆಟೋಬ್ಯಾಕ್ಟರ್‌ಗೆ ಆಗಲ್ಲ. ಮತ್ತೆ ಫಿಟ್ಸ್‌ಗೆ ವಾಲ್‌ಪ್ರೋಯೇಟ್ ತಗೋತಿರೋರಿಗೆ ಎರ್ಟಾಪೆನೆಮ್ ಆಗ್ಲಿ ಮೆರೋಪೆನೆಮ್ ಆಗ್ಲಿ ಕೊಟ್ರೆ ರಕ್ತದಲ್ಲಿ ವಾಲ್‌ಪ್ರೋಯೇಟ್ ಮಟ್ಟ ಕುಸಿದು ಫಿಟ್ಸ್ ಮರುಕಳಿಸಬಹುದು, ಇದನ್ನ ಮನೆಯವರೇ ಬಾಯಿಬಿಟ್ಟು ಹೇಳ್ಬೇಕು, ಯಾಕಂದ್ರೆ ರಾತ್ರಿ ಅಡ್ಮಿಷನ್ ಗಡಿಬಿಡಿಯಲ್ಲಿ ಹಳೇ ಮಾತ್ರೆಗಳ ಚೀಟಿ ಎಲ್ಲೋ ಬ್ಯಾಗಲ್ಲೇ ಉಳಿದುಬಿಟ್ಟಿರುತ್ತೆ.

ಪಿಪರಾಸಿಲಿನ್ ಟಾಜೋಬ್ಯಾಕ್ಟಮ್ ರಿಪೋರ್ಟಲ್ಲಿ ಎಸ್ ಅಂತ ಇರುತ್ತೆ, ಕಾರ್ಬಾಪೆನೆಮ್ (ಎರ್ಟಾಪೆನೆಮ್, ಮೆರೋಪೆನೆಮ್ ಇರೋ ಮನೆತನ) ಉಳಿಸೋಣ ಅಂತ ಅದನ್ನ ಹಾಕೋ ಮನಸ್ಸಾಗುತ್ತೆ, ನನಗೂ ಆಗ್ತಿತ್ತು. 2018ರ ಮೆರಿನೋ ಟ್ರಯಲ್ ಅದನ್ನ ಬದಲಾಯಿಸ್ತು. ಸೆಫ್ಟ್ರಿಯಾಕ್ಸೋನ್‌ಗೆ ರೆಸಿಸ್ಟೆಂಟ್ ಇರೋ ಇ. ಕೋಲಿ, ಕ್ಲೆಬ್ಸಿಯೆಲ್ಲಾ ರಕ್ತಕ್ಕೆ ಸೇರಿದವರಲ್ಲಿ 30 ದಿನದೊಳಗೆ ತೀರ್ಕೊಂಡವರು ಪಿಪ್-ಟಾಜೋ ಕಡೆ 12.3%, ಮೆರೋಪೆನೆಮ್ ಕಡೆ 3.7%. ರಕ್ತದ ಕಲ್ಚರಲ್ಲಿ ಇಎಸ್‌ಬಿಎಲ್ ಬಂದಿದ್ರೆ, ಬಿಪಿ ಬಿದ್ದಿದ್ರೆ, ಅಲ್ಲಿ ಉಳಿಸೋ ಲೆಕ್ಕ ಬೇಡ.

ಕಾರ್ಬಾಪೆನೆಮ್‌ಗಳೂ ಆರ್ ಬಂದ್ರೆ ಅದು ಐಸಿಯು ತಜ್ಞರ ಕೆಲ್ಸ. ನಮ್ಮಲ್ಲಿ ಕಾರ್ಬಾಪೆನೆಮ್ ಕೆಡಿಸೋ ಎನ್‌ಡಿಎಂ ಅನ್ನೋ ಎಂಜೈಮ್ ಜಾಸ್ತಿ ಇರೋದ್ರಿಂದ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಒಂದನ್ನೇ ಹಾಕಿದ್ರೆ ಸಾಕಾಗಲ್ಲ, ಜೊತೆಗೆ ಆಜ್ಟ್ರಿಯೋನಾಮ್ ಬೇಕು. ಕೊಲಿಸ್ಟಿನ್ ಕಿಡ್ನಿಗೆ ಭಾರ. ಆದ್ರೆ ಒಂದು ಮಾತು, ಇಷ್ಟೆಲ್ಲ ಆರ್ ಇರೋ ಬ್ಯಾಕ್ಟೀರಿಯಾನೂ ಬರೀ ಮೂತ್ರಕೋಶದಲ್ಲಿದ್ರೆ ಫಾಸ್ಫೋಮೈಸಿನ್ ಸ್ಯಾಚೆಟ್ಟಲ್ಲೋ ಒಂದು ಡೋಸ್ ಅಮಿಕಾಸಿನ್‌ನಲ್ಲೋ ಹೋಗಬಹುದು. ಜಾಗ ಮೊದಲು ನೋಡಿ ಅಂತ ನಾನು ಪದೇಪದೇ ಹೇಳೋದು ಇದಕ್ಕೇ.

ಸಿಪ್ರೋ ಎಸ್ ಬಂದ ಅದೃಷ್ಟವಂತರಿಗೆ

ಎಸ್ ಬಂದಿದೆ ಅಂತ ಎಲ್ಲಕ್ಕೂ ಬಳಸೋದಲ್ಲ, ಬೇರೆ ಮಾತ್ರೆ ಇಲ್ಲದ ಕಡೆ ಬಳಸೋದು. ಸ್ಯೂಡೋಮೋನಾಸ್‌ಗೆ ಬಾಯಲ್ಲಿ ನುಂಗೋ ಮಾತ್ರೆ ಅಂತ ಇರೋದು ಈ ಮನೆತನ ಮಾತ್ರ, ಅದರಲ್ಲೂ ಸಿಪ್ರೋ, ಇಲ್ಲ ಹೆಚ್ಚಿನ ಡೋಸ್ ಲೀವೋ. ಪ್ರಾಸ್ಟೇಟ್ ಸೋಂಕಿಗೆ ಇವು ಚೆನ್ನಾಗಿ ಒಳಗಿಳಿಯುತ್ತವೆ. ರಕ್ತಕ್ಕೆ ಸೇರಿದ ಸೋಂಕಿಗೆ ಮೂರ್ನಾಲ್ಕು ದಿನ ಐವಿ ಕೊಟ್ಟು ಜ್ವರ ಇಳಿದ್ಮೇಲೆ ಮಾತ್ರೆಗೆ ಬದಲಾಯಿಸಿ ಮನೆಗೆ ಕಳಿಸೋಕೆ ಇದಕ್ಕಿಂತ ಒಳ್ಳೇದು ಸಿಗಲ್ಲ, ಲೀವೋ ನುಂಗಿದ್ರೆ ಹೆಚ್ಚುಕಮ್ಮಿ ಅಷ್ಟೂ ರಕ್ತಕ್ಕೆ ಸೇರುತ್ತೆ. ಮಾಕ್ಸಿಫ್ಲಾಕ್ಸಾಸಿನ್ ಮಾತ್ರ ಮೂತ್ರಕ್ಕೆ ಸರಿಯಾಗಿ ಬರಲ್ಲ, ಯೂರಿನ್ ಇನ್ಫೆಕ್ಷನ್‌ಗೆ ಅದು ಬೇಡ.

ಹಾಲು, ಮೊಸರು, ಹಾಲು ಹಾಕಿದ ರಾಗಿ ಮಾಲ್ಟ್, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಗ್ಯಾಸಿನ ಸಿರಪ್ ಇವುಗಳ ಜೊತೆ ನುಂಗಿದ್ರೆ ಔಷಧಿ ಹೊಟ್ಟೇಲೇ ಅವಕ್ಕೆ ಅಂಟ್ಕೊಂಡು ಆಚೆ ಹೋಗುತ್ತೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಮನೆತನದ ಮೇಲೆ 2008ರಲ್ಲಿ ಹಿಮ್ಮಡಿಯ ಸ್ನಾಯುರಜ್ಜು (ಟೆಂಡನ್) ಹರಿಯೋ ಬಗ್ಗೆ, 2018ರಲ್ಲಿ ಶುಗರ್ ಇದ್ದಕ್ಕಿದ್ದಂಗೆ ಇಳಿಯೋದು, ಮಹಾಪಧಮನಿ ಹರಿಯೋದು ಇವುಗಳ ಬಗ್ಗೆ ಎಚ್ಚರಿಕೆ ಕೊಟ್ಟಿದೆ, 2016ರಲ್ಲೇ ಸಾದಾ ಉರಿಮೂತ್ರಕ್ಕೆ, ಸೈನಸ್‌ಗೆ ಬೇರೆ ದಾರಿ ಇದ್ರೆ ಇದು ಬೇಡ ಅಂದಿದೆ. ಗ್ಲಿಮೆಪಿರೈಡ್ ತಗೋತಿರೋ ಶುಗರಿನವರು, ಸ್ಟೀರಾಯ್ಡ್ ತಗೋತಿರೋ ಅರವತ್ತು ದಾಟಿದವರು ಇದನ್ನ ಹಗುರವಾಗಿ ತಗೋಬೇಡಿ.

ಕೆಮ್ಮು ಜ್ವರಕ್ಕೆ ಲೀವೋ ಕೊಡೋದು ನನಗೆ ಎಲ್ಲಕ್ಕಿಂತ ನೋವು ಕೊಡೋ ವಿಷ್ಯ. ಒಳಗೆ ಟಿಬಿ ಇದ್ರೆ ಲೀವೋ ಅದನ್ನ ಅರ್ಧ ಹೊಡೆಯುತ್ತೆ, ನಾಲ್ಕು ದಿನ ಆರಾಮ ಅನ್ಸುತ್ತೆ, ಕಫದ ಪರೀಕ್ಷೇಲಿ ಸಿಗದೇ ಹೋಗಬಹುದು, ಡಯಾಗ್ನೋಸಿಸ್ ತಡ ಆಗುತ್ತೆ. ಇದೇ ಲೀವೋ, ಮಾಕ್ಸಿ ಎಂಡಿಆರ್ ಟಿಬಿಗೆ (ಮುಖ್ಯ ಟಿಬಿ ಔಷಧಿಗಳಿಗೆ ಜಗ್ಗದ ಟಿಬಿ) ಬೆನ್ನೆಲುಬು, 2022ರಲ್ಲಿ ಡಬ್ಲ್ಯುಎಚ್‌ಒ ಹೇಳಿದ ಆರು ತಿಂಗಳ ಹೊಸ ಚಿಕಿತ್ಸೆಯಲ್ಲೂ ಮಾಕ್ಸಿ ಇದೆ. ಟೈಫಾಯ್ಡಿಗೂ ನಮ್ಮ ದೇಶದಲ್ಲಿ ಸಿಪ್ರೋ ಕಾಲ ಮುಗಿದಿದೆ, ಸೆಫ್ಟ್ರಿಯಾಕ್ಸೋನ್ ಇಲ್ಲ ಅಜಿಥ್ರೋಮೈಸಿನ್.

ಬಿಗಿ ಹಿಡಿದ್ರೆ ಉಪಯೋಗ ಇದ್ಯಾ ಅಂತ ಕೇಳೋರಿಗೆ ಇಂಗ್ಲೆಂಡ್ ನೋಡಿ ಅಂತೀನಿ. ಅಲ್ಲಿ 2006ರ ಸುಮಾರಿಗೆ ಆಸ್ಪತ್ರೆಗಳಲ್ಲಿ ಆಂಟಿಬಯೋಟಿಕ್ ತಗೊಂಡವರ ಕರುಳಲ್ಲಿ ಹೆಚ್ಚೋ ಸಿ. ಡಿಫಿಸಿಲ್ ಅನ್ನೋ ಬ್ಯಾಕ್ಟೀರಿಯಾದ ಭೇದಿ ವಿಪರೀತ ಇತ್ತು, ಫ್ಲೋರೋಕ್ವಿನೋಲೋನ್ ಬಳಕೆ ಕಮ್ಮಿ ಮಾಡಿದ್ಮೇಲೆ ಅವಕ್ಕೆ ರೆಸಿಸ್ಟೆಂಟ್ ಇದ್ದ ತಳಿಗಳು ಮಾಯ ಆಗ್ತಾ ಬಂದು, ಕೆಲವೇ ವರ್ಷದಲ್ಲಿ ಒಟ್ಟು ಕೇಸ್ ಸುಮಾರು 80% ಇಳೀತು.

ಯಾವುದೂ ಬೇಡ ಅನ್ನೋ ಆಯ್ಕೆ

ಕ್ಯಾಥೆಟರ್ ಇರೋರ ಮೂತ್ರ ಕಲ್ಚರ್ ಮಾಡಿದ್ರೆ ಏನಾದ್ರೂ ಬೆಳೆದೇ ಬೆಳೆಯುತ್ತೆ. ಜ್ವರ ಇಲ್ಲ, ಉರಿ ಇಲ್ಲ, ನೋವಿಲ್ಲ ಅಂದ್ರೆ ಗರ್ಭಿಣಿಯರನ್ನ ಮತ್ತೆ ಮೂತ್ರನಾಳದ ಆಪರೇಷನ್‌ಗೆ ಹೋಗೋರನ್ನ ಬಿಟ್ಟು ಔಷಧಿ ಬೇಡ, ರಿಪೋರ್ಟಲ್ಲಿ ಎಷ್ಟು ಲಕ್ಷ ಕಾಲೋನಿ ಅಂತ ಇದ್ರೂ ಬೇಡ. ನಿಜವಾಗಿ ಸೋಂಕಿನ ಲಕ್ಷಣ ಇದ್ದು ಕ್ಯಾಥೆಟರ್ ಹಾಕಿ ಎರಡು ವಾರ ದಾಟಿದ್ರೆ ಅದನ್ನ ಬದಲಾಯಿಸಿ, ಹೊಸ ಕ್ಯಾಥೆಟರಿಂದಲೇ ಸ್ಯಾಂಪಲ್ ತೆಗೀರಿ. ಬ್ಯಾಗಿಂದ ಬಗ್ಗಿಸಿ ಕಳಿಸಿದ್ದು ಪ್ರಯೋಜನ ಇಲ್ಲ.

ಸ್ಯಾಂಪಲ್ ಕಳಿಸುವಾಗ ಫಾರಂ ಮೇಲೆ ಬರೀ “ಯೂರಿನ್ ಸಿ/ಎಸ್” ಅಂತ ಗೀಚಬೇಡಿ. ಜ್ವರ ಇದ್ಯಾ, ಪಕ್ಕೆ ನೋವಿದ್ಯಾ, ಕ್ಯಾಥೆಟರ್ ಇದ್ಯಾ, ಕ್ರಿಯಾಟಿನಿನ್ ಎಷ್ಟು, ಆರು ತಿಂಗಳಲ್ಲಿ ಯಾವ ಆಂಟಿಬಯೋಟಿಕ್ ತಗೊಂಡಿದಾರೆ, ಅಷ್ಟು ಬರೀರಿ. ಡಾಕ್ಟರ್‌ಗೆ ಪುರುಸೊತ್ತಿಲ್ಲ ಅಂದ್ರೆ ಮನೆಯವರೇ ಹೇಳಿ ಸಿಸ್ಟರ್ ಕೈಲಿ ಬರೆಸಿ. ನಮ್ಮತ್ತೆ ಈಗ ತಗೊಂಡ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳನ್ನೆಲ್ಲ ಒಂದು ಕವರಲ್ಲಿ ಹಾಕಿ ಇಟ್ಕೊಂಡಿದಾರೆ, ಹೋದ ತಿಂಗಳು ಮತ್ತೆ ಉರಿ ಅಂದಾಗ ಆ ಕವರ್ ಸಮೇತ ಬಂದ್ರು. ಈ ಸಲ ಕಲ್ಚರ್ ಮೊದಲು ಆಯ್ತು, ಕಿಡ್ನಿಯೂ ಸರಿ ಇತ್ತು, ನೈಟ್ರೋಫ್ಯುರಾಂಟೋಯಿನ್ 5 ದಿನಕ್ಕೇ ಮುಗೀತು.